ಗೋ ಭಾಷೆಯಲ್ಲಿ ಆಪರೇಟಿಂಗ್ ಸಿಸ್ಟಂ ಬರೆಯೋಕೆ ಆಗುತ್ತಾ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಗೋ ಭಾಷೆ ಚೆನ್ನಾಗಿ ಬರುತ್ತದೆ, ಸಿ ಅಷ್ಟಕ್ಕಷ್ಟೆ. ಪ್ರಾಜೆಕ್ಟಿಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆಯಬೇಕು ಅಂತ ತುಂಬಾ ಆಸೆ. ನಮ್ಮ ಸರ್ ಮಾತ್ರ, ಸಿ ಮತ್ತು ಅಸೆಂಬ್ಲಿ ಬಿಟ್ಟು ಬೇರೆ ಭಾಷೆಯಲ್ಲಿ ಅದು ಆಗದ ಕೆಲಸ, ಗಾರ್ಬೇಜ್ ಕಲೆಕ್ಟರ್ (ಬಳಸಿ ಮುಗಿದ ಮೆಮೊರಿಯನ್ನು ತಾನೇ ಹುಡುಕಿ ಬಿಡಿಸುವ ವ್ಯವಸ್ಥೆ) ಇರುವ ಭಾಷೆಯಲ್ಲಂತೂ ಕೇಳಲೇಬೇಡ ಅನ್ನುತ್ತಾರೆ. ನಿಜವೇ? ನನಗೆ ನಾಲ್ಕು ತಿಂಗಳು ಸಮಯ ಇದೆ.

ಉತ್ತರ: ಆಗುತ್ತದೆ. ಮಾಡಿಯೂ ತೋರಿಸಿದ್ದಾರೆ, ಅದೂ ನೀವು ಕೇಳಿದ ಗೋ ಭಾಷೆಯಲ್ಲೇ. ಎಂಐಟಿಯ ಕೋಡಿ ಕಟ್ಲರ್, ಫ್ರಾನ್ಸ್ ಕಾಸ್‌ಹುಕ್, ರಾಬರ್ಟ್ ಮಾರಿಸ್ ಮೂವರು ಸೇರಿ ಬಿಸ್ಕಿಟ್ ಅನ್ನುವ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆದು 2018ರಲ್ಲಿ ಅದರ ಪ್ರಬಂಧ ಪ್ರಕಟಿಸಿದರು. ಸುಮಾರು 28,000 ಸಾಲು ಗೋ, ಸುಮಾರು 1,500 ಸಾಲು ಅಸೆಂಬ್ಲಿ, 58 ಸಿಸ್ಟಂ ಕಾಲ್, ಅಂದರೆ ಪ್ರೋಗ್ರಾಂಗಳು ಕರ್ನಲ್‌ನ ಸಹಾಯ ಕೇಳುವ ಕರೆಗಳು. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್, ರೆಡಿಸ್ ಅನ್ನುವ ಡೇಟಾಬೇಸ್ ಥರದ ನಿಜವಾದ ಪ್ರೋಗ್ರಾಂಗಳು ಅದರ ಮೇಲೆ ಓಡಿದವು. ಇದನ್ನು ನಿಮ್ಮ ಸರ್‌ಗೆ ತೋರಿಸಿ, ಅವರಿಗೂ ಖುಷಿಯಾಗುತ್ತದೆ.

ಆದರೆ ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅದರ ಹಿಂದೆ ಒಂದು ನಿಜವಾದ ತೊಂದರೆ ಇದೆ. ಆ ತೊಂದರೆ ಏನು ಅಂತ ಸರಿಯಾಗಿ ಗೊತ್ತಾದರೆ ಯಾವ ಭಾಷೆ ಹಿಡಿಯಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಪ್ರತಿ ಭಾಷೆಯೂ ತನ್ನ ಕೆಳಗೆ ಯಾರೋ ಇದ್ದಾರೆ ಅಂತ ನಂಬಿಕೊಂಡಿರುತ್ತದೆ. ನೀವು ಗೋದಲ್ಲಿ ಒಂದು ಸಾಲು ಬರೆದು ಓಡಿಸಿದಾಗ ನಿಮ್ಮ ಮೇನ್ ಫಂಕ್ಷನ್ ಮೊದಲು ಶುರುವಾಗುವುದಿಲ್ಲ. ಅದಕ್ಕಿಂತ ಮುಂಚೆ ಗೋ ರನ್‌ಟೈಮ್, ಅಂದರೆ ಪ್ರತಿ ಗೋ ಪ್ರೋಗ್ರಾಂ ಜೊತೆಗೇ ಬರುವ ಸಹಾಯಕ ಕೋಡ್, ಎದ್ದು ಕೆಳಗಿರುವ ಲಿನಕ್ಸ್ ಹತ್ತಿರ ಮೆಮೊರಿ ಕೇಳುತ್ತದೆ, ಥ್ರೆಡ್ (ತನ್ನಷ್ಟಕ್ಕೆ ಓಡುವ ಕೆಲಸದ ಎಳೆ) ಹುಟ್ಟಿಸಿಕೊಡು ಅನ್ನುತ್ತದೆ, ಹೀಪ್ (ಬೇಕೆಂದಾಗ ಮೆಮೊರಿ ತೆಗೆದುಕೊಳ್ಳುವ ಜಾಗ) ಸಜ್ಜು ಮಾಡುತ್ತದೆ, ಶೆಡ್ಯೂಲರ್ (ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ಭಾಗ) ಶುರು ಮಾಡುತ್ತದೆ, ಗಡಿಯಾರ ಕೇಳುತ್ತದೆ, ಒಂದು ಥ್ರೆಡ್ ಮಲಗಬೇಕಾದರೆ ಅದನ್ನು ಮಲಗಿಸಿ ಆಮೇಲೆ ಎಬ್ಬಿಸುವ ಕೆಲಸವನ್ನೂ ಲಿನಕ್ಸ್‌ಗೇ ಒಪ್ಪಿಸುತ್ತದೆ. ಈಗ ನೀವು ಬರೆಯಲು ಹೊರಟಿರುವುದೇ ಆ ಕೆಳಗಿನದನ್ನು. ರನ್‌ಟೈಮ್ ಕೇಳಿದಾಗ ಉತ್ತರ ಕೊಡಲು ಅಲ್ಲಿ ಯಾರೂ ಇಲ್ಲ. ಆ ಉತ್ತರಗಳನ್ನೆಲ್ಲ ನೀವೇ ಕೊಡಬೇಕು, ಅದೂ ರನ್‌ಟೈಮ್ ಏಳುವ ಮುಂಚೆ, ಅಂದರೆ ಗೋ ಇನ್ನೂ ಗೋ ಆಗಿರದ ಹೊತ್ತಿನಲ್ಲಿ.

ಸಿ ಇಲ್ಲಿ ಗೆಲ್ಲುವುದು ಅದರ ನಿರೀಕ್ಷೆ ಬಹಳ ಕಡಿಮೆ ಅನ್ನುವ ಕಾರಣಕ್ಕೆ. ಅದಕ್ಕೆ ಒಂದು ಸ್ಟ್ಯಾಕ್, ಅಂದರೆ ಫಂಕ್ಷನ್‌ಗಳ ತಾತ್ಕಾಲಿಕ ಲೆಕ್ಕ ಇಡುವ ಮೆಮೊರಿ ತುಂಡು, ಕೊಟ್ಟರೆ ಹೆಚ್ಚುಕಡಿಮೆ ಸಾಕು, ಹೊರಡುತ್ತದೆ. ಎಂಐಟಿಯಲ್ಲಿ ಪಾಠಕ್ಕೆ ಅಂತಲೇ ಬರೆದ ಎಕ್ಸ್‌ವಿ6 ಕರ್ನಲ್‌ನ ರಿಸ್ಕ್-ಫೈವ್ (ಒಂದು ಪ್ರೊಸೆಸರ್ ವಿನ್ಯಾಸ) ಆವೃತ್ತಿ ತೆಗೆದು ನೋಡಿ. ಶುರುವಿನ ಅಸೆಂಬ್ಲಿ ಫೈಲ್ ಬೆರಳೆಣಿಕೆಯ ಸಾಲುಗಳದ್ದು. ಪ್ರತಿ ಸಿಪಿಯುಗೂ 4096 ಬೈಟ್‌ನ ಸ್ಟ್ಯಾಕ್ ಲೆಕ್ಕ ಹಾಕಿ, ಸ್ಟ್ಯಾಕ್ ಪಾಯಿಂಟರ್ ರಿಜಿಸ್ಟರ್‌ಗೆ (ರಿಜಿಸ್ಟರ್ ಅಂದರೆ ಸಿಪಿಯು ಒಳಗೇ ಇರುವ ಪುಟ್ಟ ಮೆಮೊರಿ) ಅದರ ವಿಳಾಸ ತುಂಬಿ, ಸಿ ಫಂಕ್ಷನ್‌ಗೆ ಜಿಗಿಯುತ್ತದೆ. ಅಷ್ಟೇ.

ಈ ಅಸೆಂಬ್ಲಿ ಪೂರ್ತಿ ತಪ್ಪುವುದಿಲ್ಲ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಿ ಕೂಡ ಇದರಿಂದ ತಪ್ಪಿಸಿಕೊಂಡಿಲ್ಲ. ಅದೇ ಎಕ್ಸ್‌ವಿ6ನಲ್ಲಿ ಒಂದು ಪ್ರೋಸೆಸ್ ಬಿಟ್ಟು ಇನ್ನೊಂದಕ್ಕೆ ಹೋಗುವ ಜಾಗ ನೋಡಿ. 14 ರಿಜಿಸ್ಟರ್‌ಗಳನ್ನು ಒಂದೊಂದಾಗಿ ಮೆಮೊರಿಗೆ ಬರೆದಿಡುತ್ತದೆ, ಇನ್ನೊಬ್ಬರ 14 ರಿಜಿಸ್ಟರ್‌ಗಳನ್ನು ಒಂದೊಂದಾಗಿ ತುಂಬಿಕೊಳ್ಳುತ್ತದೆ, ಆಮೇಲೆ ಒಂದು ರಿಟರ್ನ್. ಒಟ್ಟು 29 ಆದೇಶ. ಒಳಗೆ ಹೋದವನು ಒಬ್ಬ, ಹೊರಗೆ ಬರುವವನು ಇನ್ನೊಬ್ಬ! ನಾನು ಮೊದಲ ಸಲ ಓದಿದಾಗ ಪದೇ ಪದೇ ಹಿಂದಕ್ಕೆ ಹೋಗಿ ನೋಡಿದ್ದೆ, ಎಲ್ಲೋ ಇನ್ನೊಂದಷ್ಟು ಕೋಡ್ ಬಿಟ್ಟುಹೋಗಿದೆಯೇನೋ ಅಂತ. ಏನೂ ಬಿಟ್ಟಿರಲಿಲ್ಲ. ಇದನ್ನು ಸಿಯಲ್ಲಿ ಬರೆಯಲು ಆಗುವುದಿಲ್ಲ, ಯಾಕೆಂದರೆ ನನ್ನ ಸ್ಟ್ಯಾಕ್ ತೆಗೆದು ಇನ್ನೊಬ್ಬರ ಸ್ಟ್ಯಾಕ್ ಹಾಕು ಅಂತ ಹೇಳುವ ಮಾತೇ ಆ ಭಾಷೆಯಲ್ಲಿಲ್ಲ. ಗೋದಲ್ಲೂ ಇಲ್ಲ, ರಸ್ಟ್ ಅನ್ನುವ ಹೊಸ ಭಾಷೆಯಲ್ಲೂ ಇಲ್ಲ. ಹಾಗಾಗಿ ಪೂರ್ತಿ ಹೈ-ಲೆವೆಲ್ ಭಾಷೆಯಲ್ಲೇ ಬರೆದ ಕರ್ನಲ್ ಅಂತ ಯಾರಾದರೂ ಹೇಳಿದರೆ, ಈ ಪುಟ್ಟ ತುಂಡೊಂದನ್ನು ಬಿಟ್ಟು ಅಂತ ಅರ್ಥ ಮಾಡಿಕೊಳ್ಳಿ.

ಇನ್ನು ನಿಜವಾದ ತಲೆನೋವು, ಇಂಟರಪ್ಟ್. ಅಂದರೆ ಟೈಮರ್, ಡಿಸ್ಕ್ ಥರದ ಡಿವೈಸ್, ಸಿಪಿಯು ಮಾಡುತ್ತಿರುವ ಕೆಲಸವನ್ನು ನಡುವೆಯೇ ನಿಲ್ಲಿಸಿ ಕರೆಯುವುದು.

ಕೆಲವು ವರ್ಷಗಳ ಹಿಂದೆ ನಾನು ರಸ್ಟ್‌ನಲ್ಲಿ ಒಂದು ಸಣ್ಣ ಕರ್ನಲ್ ಬರೆಯುತ್ತಿದ್ದೆ. ಟೈಮರ್ ಸೆಕೆಂಡಿಗೆ 100 ಸಲ ಇಂಟರಪ್ಟ್ ಕೊಡುವ ಹಾಗೆ ಇಟ್ಟಿದ್ದೆ. ಅದು ಸರಿಯಾಗಿ ಬರುತ್ತಿದೆಯಾ ನೋಡೋಣ ಅಂತ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಒಳಗೆ ಒಂದು ಸಾಲು ಪ್ರಿಂಟ್ ಹಾಕಿದೆ, ಎಷ್ಟನೇ ಟಿಕ್ ಅಂತ ತೋರಿಸಲು. ಚೆನ್ನಾಗಿ ಓಡಿತು. ಮರುದಿನ ಒಂದು ಸಲ ನಿಂತುಹೋಯಿತು. ಮತ್ತೆ ಶುರು ಮಾಡಿದರೆ ಸರಿ. ಆಮೇಲೆ ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಎರಡು ರಾತ್ರಿ ಹೋಯಿತು ಅದನ್ನು ಹಿಡಿಯಲು. ಆಗುತ್ತಿದ್ದದ್ದು ಇಷ್ಟು. ಪ್ರಿಂಟ್ ಮಾಡಲು ಒಂದು ಸ್ಟ್ರಿಂಗ್ ಕಟ್ಟಬೇಕು, ಸ್ಟ್ರಿಂಗ್‌ಗೆ ಹೀಪ್‌ನಿಂದ ಮೆಮೊರಿ ಬೇಕು, ಮೆಮೊರಿ ಕೊಡುವ ಅಲೊಕೇಟರ್, ಒಂದು ಸಲಕ್ಕೆ ಒಬ್ಬರೇ ಬಳಸಲಿ ಅಂತ, ಒಂದು ಲಾಕ್ ಹಾಕಿಕೊಂಡು ಕೆಲಸ ಮಾಡುತ್ತದೆ. ಮುಖ್ಯ ಕೋಡ್ ಆ ಲಾಕ್ ಹಿಡಿದುಕೊಂಡಿರುವ ಆ ಕ್ಷಣದಲ್ಲೇ ಟೈಮರ್ ಬಂದರೆ ಹ್ಯಾಂಡ್ಲರ್ ಕೂಡ ಅದೇ ಲಾಕ್‌ಗೆ ಕಾಯುತ್ತಾ ಕೂರುತ್ತದೆ. ಲಾಕ್ ಬಿಡಬೇಕಾದವನು ಹ್ಯಾಂಡ್ಲರ್ ಮುಗಿಯಲಿ ಅಂತ ಕಾಯುತ್ತಿದ್ದಾನೆ. ಇಬ್ಬರೂ ಎದ್ದೇಳುವುದಿಲ್ಲ.

ಈ ತಪ್ಪು ಸಿಯಲ್ಲೂ ಆಗುತ್ತದೆ. ಆದರೆ ಸಿಯಲ್ಲಿ ಮೆಮೊರಿ ಬೇಕಾದರೆ ನೀವೇ ಕೈಯಾರೆ ಕೇಳುತ್ತೀರಿ, ಕಣ್ಣಿಗೆ ಕಾಣುತ್ತದೆ. ಹೈ-ಲೆವೆಲ್ ಭಾಷೆಯಲ್ಲಿ ಅದು ಕಾಣದ ಹಾಗೆ ನಡೆಯುತ್ತದೆ. ಎರಡು ಸ್ಟ್ರಿಂಗ್ ಕೂಡಿಸಿದಿರಿ, ಮ್ಯಾಪ್‌ಗೆ ಒಂದು ಕೀ ಸೇರಿಸಿದಿರಿ, ಕ್ಲೋಷರ್ ಒಂದನ್ನು ಬೇರೆ ಕಡೆ ಕಳಿಸಿದಿರಿ, ಎಲ್ಲದರ ಹಿಂದೆಯೂ ಹೀಪ್ ಇರಬಹುದು. ಗೋದಲ್ಲಿ ಇನ್ನೂ ಒಂದು ಗಂಟು ಇದೆ. ಒಂದು ಗೋರುಟೀನ್, ಅಂದರೆ ಗೋದ ಹಗುರವಾದ ಥ್ರೆಡ್, ಸಾಮಾನ್ಯವಾಗಿ 2 ಕೆಬಿ ಪುಟ್ಟ ಸ್ಟ್ಯಾಕ್‌ನೊಂದಿಗೆ ಶುರುವಾಗುತ್ತದೆ. ಹೆಚ್ಚಿನ ಫಂಕ್ಷನ್‌ಗಳು ಶುರುವಿನಲ್ಲೇ ಜಾಗ ಸಾಕಾ ಅಂತ ನೋಡಿಕೊಂಡು, ಸಾಲದಿದ್ದರೆ ಇಡೀ ಸ್ಟ್ಯಾಕನ್ನೇ ದೊಡ್ಡ ಜಾಗಕ್ಕೆ ನಕಲು ಮಾಡಿಸುತ್ತವೆ. ಅಂಥ ನಕಲಿನ ನಡುವೆ ಇಂಟರಪ್ಟ್ ಬಂದು ಅದೇ ಸ್ಟ್ಯಾಕ್ ಮೇಲೆ ಕೂತರೆ ಏನು ಗತಿ, ಯೋಚಿಸಿ.

ಬಿಸ್ಕಿಟ್‌ನವರು ಇದಕ್ಕೆ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಅವರ ಇಂಟರಪ್ಟ್ ಹ್ಯಾಂಡ್ಲರ್ ಏನೂ ಮಾಡುವುದಿಲ್ಲ ಅಂದರೂ ಸರಿ. ಇಂಥ ಡಿವೈಸ್ ಕರೆದಿದೆ ಅಂತ ಒಂದು ಗುರುತು ಹಾಕುತ್ತದೆ, ಹೋಗುತ್ತದೆ. ಮೆಮೊರಿ ಕೇಳುವುದಿಲ್ಲ, ಲಾಕ್ ಹಿಡಿಯುವುದಿಲ್ಲ. ನಿಜವಾದ ಕೆಲಸವನ್ನು ಆಮೇಲೆ ಎದ್ದ ಒಂದು ಸಾಮಾನ್ಯ ಗೋರುಟೀನ್ ಮಾಡುತ್ತದೆ, ಅಲ್ಲಿ ಗೋದ ಎಲ್ಲ ಸವಲತ್ತೂ ಇದೆ. ನಾನು ಆ ಬಗ್‌ನಿಂದ ಹೊರಬಂದದ್ದೂ ಹೀಗೇ. ಹ್ಯಾಂಡ್ಲರ್‌ನಲ್ಲಿ ಒಂದು ಎಣಿಕೆ ಹೆಚ್ಚಿಸಿದೆ, ಪ್ರಿಂಟ್ ಹೊರಗೆ ಹಾಕಿದೆ.

ಇದಕ್ಕಿಂತ ಕಷ್ಟದ್ದು ಮೆಮೊರಿ ಖಾಲಿಯಾಗುವುದು. ಸಿಯಲ್ಲಿ ಮೆಮೊರಿ ಸಿಗದಿದ್ದರೆ ಸೊನ್ನೆ ಪಾಯಿಂಟರ್ ಬರುತ್ತದೆ, ನೋಡಿಕೊಂಡು ಹಿಂದೆ ಸರಿಯಬಹುದು. ಗೋದಲ್ಲಿ ಹಾಗೆ ತಿಳಿಸುವ ದಾರಿಯೇ ಇಲ್ಲ, ಪ್ರೋಗ್ರಾಂ ಸತ್ತುಹೋಗುತ್ತದೆ. ಸಾಮಾನ್ಯ ಪ್ರೋಗ್ರಾಂ ಸತ್ತರೆ ಮತ್ತೆ ಶುರು ಮಾಡಬಹುದು, ಕರ್ನಲ್ ಸತ್ತರೆ ಅದರ ಮೇಲಿದ್ದ ಎಲ್ಲವೂ ಹೋದ ಹಾಗೆ. ಬಿಸ್ಕಿಟ್‌ನಲ್ಲಿ ಪ್ರತಿ ಸಿಸ್ಟಂ ಕಾಲ್‌ಗೂ ಜಾಸ್ತಿ ಅಂದರೆ ಎಷ್ಟು ಮೆಮೊರಿ ಬೇಕಾಗಬಹುದು ಅಂತ ಕೋಡನ್ನೇ ವಿಶ್ಲೇಷಿಸಿ ಮುಂಚೆಯೇ ಲೆಕ್ಕ ಹಾಕಿದರು. ಸಿಸ್ಟಂ ಕಾಲ್ ಒಳಗೆ ಕಾಲಿಡುವ ಮುಂಚೆ, ಕೈಯಲ್ಲಿ ಯಾವ ಲಾಕೂ ಇಲ್ಲದಿರುವಾಗ, ಅಷ್ಟು ಜಾಗ ಕಾದಿರಿಸಿಕೊಳ್ಳಬೇಕು. ಇಲ್ಲದಿದ್ದರೆ ಬಾಗಿಲಲ್ಲೇ ಕಾಯಬೇಕು. ಮದುವೆ ಮನೆಯಲ್ಲಿ ಎಲೆ ಖಾಲಿ ಇದೆಯಾ ಅಂತ ನೋಡಿಕೊಂಡೇ ಪಂಕ್ತಿಗೆ ಬಿಡುವ ಹಾಗೆ. ಊಟಕ್ಕೆ ಕೂತ ಮೇಲೆ ಅನ್ನ ಇಲ್ಲ ಅನ್ನುವ ಪ್ರಸಂಗವೇ ಬರುವುದಿಲ್ಲ.

ಗಾರ್ಬೇಜ್ ಕಲೆಕ್ಟರ್‌ನಿಂದ ನಿಧಾನ ಆಗುತ್ತದೆ ಅನ್ನುವುದು ನಿಜ. ಎಷ್ಟು ಅಂತ ಅವರು ಅಳೆದಿದ್ದಾರೆ. ಗೋದ ಅನುಕೂಲಗಳಿಗೆ, ಮುಖ್ಯವಾಗಿ ಕಲೆಕ್ಟರ್‌ಗೆ ಮತ್ತು ಆ ಸ್ಟ್ಯಾಕ್ ತಪಾಸಣೆಗೆ, ಕರ್ನಲ್‌ನ ಸಿಪಿಯು ಸಮಯದಲ್ಲಿ ಹೆಚ್ಚೆಂದರೆ ಶೇ. 13 ಖರ್ಚಾಯಿತು. ಎಂಜಿನ್‌ಎಕ್ಸ್ ಓಡಿಸಿದಾಗ ಕಲೆಕ್ಟರ್‌ನಿಂದ ಆದ ಅತಿ ಉದ್ದದ ಒಂದು ನಿಲುಗಡೆ 115 ಮೈಕ್ರೋಸೆಕೆಂಡ್. ಒಂದೇ ಕೆಲಸವನ್ನು ಹೆಚ್ಚುಕಡಿಮೆ ಒಂದೇ ರೀತಿ ಸಿ ಮತ್ತು ಗೋ ಎರಡರಲ್ಲೂ ಬರೆದು ಹೋಲಿಸಿದರೆ ಗೋ ಶೇ. 5ರಿಂದ 15ರಷ್ಟು ನಿಧಾನ. ಕಾರಿನ ಬ್ರೇಕ್ ನೋಡಿಕೊಳ್ಳುವ ಕಂಪ್ಯೂಟರ್‌ಗೆ ಇದು ಬೇಡ. ನಿಮ್ಮ ಪ್ರಾಜೆಕ್ಟಿಗೆ, ನನ್ನ ಅಭಿಪ್ರಾಯದಲ್ಲಿ ಎಷ್ಟೋ ಸರ್ವರ್‌ಗಳಿಗೂ, ಇದೊಂದು ಅಡ್ಡಿಯೇ ಅಲ್ಲ.

ಅಷ್ಟು ಕೊಟ್ಟು ಸಿಕ್ಕಿದ್ದೇನು? 2017ರಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ಪತ್ತೆಯಾದ, ದಾಳಿಕೋರ ತನ್ನ ಕೋಡ್ ಓಡಿಸಲು ಬಿಡುವಂಥ 65 ದೋಷಗಳನ್ನು ಅವರು ಒಂದೊಂದಾಗಿ ನೋಡಿದರು. ಅದರಲ್ಲಿ 40 ಮೆಮೊರಿಯನ್ನು ತಪ್ಪಾಗಿ ಮುಟ್ಟಿದ್ದರಿಂದ ಬಂದವು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವುದು, ಅರೇ (ಸಾಲಾಗಿ ಇಟ್ಟ ಡೇಟಾ ಪಟ್ಟಿ) ಒಂದರ ಅಂಚು ದಾಟಿ ಬರೆಯುವುದು, ಇಂಥವು. ಗೋದಲ್ಲಿ ಇವು ಒಂದೋ ಹುಟ್ಟುವುದೇ ಇಲ್ಲ, ಇಲ್ಲವೇ ದಾಳಿಯಾಗುವ ಬದಲು ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಕಲೆಕ್ಟರ್ ಇಲ್ಲದೆ ರಸ್ಟ್ ಕೂಡ ಇದೇ ಕಾವಲು ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ರಸ್ಟ್ ಥರದ ಭಾಷೆಗಳಲ್ಲಿ ಬರೆಯುತ್ತಾ ಬಂದ ಮೇಲೆ ಈ ಜಾತಿಯ ದೋಷಗಳ ಪಾಲು 2019ರ ಶೇ. 76ರಿಂದ 2024ರಲ್ಲಿ ಶೇ. 24ಕ್ಕೆ ಇಳಿಯಿತು ಅಂತ ಗೂಗಲ್ ಹೇಳಿದೆ. 30 ವರ್ಷ ಸಿಯನ್ನೇ ನೆಚ್ಚಿಕೊಂಡಿದ್ದ ಲಿನಕ್ಸ್ ಕೂಡ 2022ರ ಡಿಸೆಂಬರ್‌ನ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಬಾಗಿಲು ತೆರೆಯಿತು. ಈ ಲೆಕ್ಕ ಗೊತ್ತಿರುವುದರಿಂದಲೇ ನನಗೆ ಸಿ ಬಿಟ್ಟು ಬೇರೆ ಇಲ್ಲ ಅನ್ನುವ ಮಾತು ಕೇಳಿದರೆ ಬೇಸರವಾಗುತ್ತದೆ.

ಇನ್ನೊಂದು ಮಾತು. ಸಿಯೇ ಒಂದು ಕಾಲದಲ್ಲಿ ಆ ಅನುಮಾನದ ಹೈ-ಲೆವೆಲ್ ಭಾಷೆ ಆಗಿತ್ತು, ಅಲ್ವಾ? ಯುನಿಕ್ಸ್ 1969ರಲ್ಲಿ ಅಸೆಂಬ್ಲಿಯಲ್ಲಿ ಹುಟ್ಟಿದ್ದು. ಕೆನ್ ಥಾಂಪ್ಸನ್ 1972ರಲ್ಲಿ ಅದನ್ನು ಸಿಗೆ ತರಲು ಸ್ವಲ್ಪ ಪ್ರಯತ್ನಪಟ್ಟು ಕೈಬಿಟ್ಟರು. ಆಗಿನ್ನೂ ಸಿಯಲ್ಲಿ ಹಲವು ಬಗೆಯ ಮಾಹಿತಿಯನ್ನು ಒಟ್ಟಿಗೆ ಕಟ್ಟಿಡುವ ಸ್ಟ್ರಕ್ಚರ್ ಇರಲಿಲ್ಲ. ಡೆನ್ನಿಸ್ ರಿಚಿ ಭಾಷೆಗೆ ಸ್ಟ್ರಕ್ಚರ್ ಸೇರಿಸಿದ ಮೇಲೆ 1973ರ ಬೇಸಿಗೆಯಲ್ಲಿ ಕೆಲಸ ಆಯಿತು. ಕರ್ನಲ್ ಬರೆಯಲು ಭಾಷೆ ಸಾಲದೆ ಹೋದಾಗ ಅವರು ಅಸೆಂಬ್ಲಿಗೆ ಮರಳಲಿಲ್ಲ, ಭಾಷೆಯನ್ನೇ ಬೆಳೆಸಿದರು.

ಅದಕ್ಕೂ ಮುಂಚಿನ ಕಥೆ ಇನ್ನೂ ಸೊಗಸು. 1960ರ ದಶಕದಲ್ಲೇ ಅಮೆರಿಕದ ಬರೋಸ್ ಕಂಪನಿ ತನ್ನ ಬಿ5500 ಯಂತ್ರದ ಎಂಸಿಪಿ ಅನ್ನುವ ಆಪರೇಟಿಂಗ್ ಸಿಸ್ಟಂ ಅನ್ನು ಎಸ್ಪಾಲ್‌ನಲ್ಲಿ ಬರೆದಿತ್ತು. ಎಸ್ಪಾಲ್ ಅಂದರೆ ಆಲ್ಗಾಲ್ ಭಾಷೆಯದ್ದೇ ಒಂದು ರೂಪ. ಹಾರ್ಡ್‌ವೇರನ್ನು ನೇರವಾಗಿ ಮುಟ್ಟುವ ಕೆಲವು ಮಾತುಗಳು ಎಸ್ಪಾಲ್‌ನಲ್ಲಿ ಮಾತ್ರ ಇದ್ದವು, ಸಾಮಾನ್ಯ ಪ್ರೋಗ್ರಾಮರ್ ಬಳಸುವ ಆಲ್ಗಾಲ್‌ನಲ್ಲಿ ಇರಲಿಲ್ಲ. ಎಸ್ಪಾಲ್ ಆದಮೇಲೆ ಬಂದ ನ್ಯೂಪಿ ಭಾಷೆಯಲ್ಲಿ ಅಪಾಯದ ಮಾತು ಬಳಸಬೇಕಾದರೆ ಆ ತುಂಡಿನ ಮೇಲೆ ಅಪಾಯ ಅಂತ ಬರೆಯಲೇಬೇಕು, ಇಲ್ಲದಿದ್ದರೆ ಕಂಪೈಲರ್ ಒಪ್ಪುವುದಿಲ್ಲ. ಬರೆದರೂ, ಯಂತ್ರದ ಭದ್ರತೆ ನೋಡಿಕೊಳ್ಳುವವರು ಅನುಮತಿ ಕೊಡುವ ತನಕ ಆ ಪ್ರೋಗ್ರಾಂ ಓಡುವುದಿಲ್ಲ.

ರಸ್ಟ್ ಗೊತ್ತಿದ್ದವರಿಗೆ ಇದು ತಕ್ಷಣ ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತದೆ. ಅದೇ 'ಅನ್‌ಸೇಫ್'. ನಿಮ್ಮ ಗೋದಲ್ಲೂ ಅದೇ ಹೆಸರಿನ ಪ್ಯಾಕೇಜ್ ಇದೆ. ಜ್ಯೂರಿಕ್‌ನಲ್ಲಿ ನಿಕ್ಲೌಸ್ ವಿರ್ತ್ ಮತ್ತು ಯುರ್ಗ್ ಗುಟ್‌ನೆಕ್ಟ್ ಇಬ್ಬರೇ ಸೇರಿ 1980ರ ದಶಕದ ಕೊನೆಯಲ್ಲಿ ಒಬೆರಾನ್ ಅನ್ನುವ ಭಾಷೆಯನ್ನೂ ಅದೇ ಹೆಸರಿನ ಸಿಸ್ಟಂ ಅನ್ನೂ ಕಟ್ಟಿದರು. ಅಲ್ಲಿಯೂ 'ಸಿಸ್ಟಂ' ಅಂತ ಒಂದು ವಿಶೇಷ ಮಾಡ್ಯೂಲ್. ಹಾರ್ಡ್‌ವೇರ್ ಮುಟ್ಟಬೇಕಾದ ಫೈಲ್ ಅದನ್ನು ಮೇಲ್ಗಡೆಯೇ ಹೆಸರಿಸಬೇಕು, ಹಾಗಾಗಿ ಯಾವ ಫೈಲನ್ನು ಎಚ್ಚರದಿಂದ ಓದಬೇಕು ಅಂತ ಮೊದಲ ಸಾಲುಗಳಲ್ಲೇ ಗೊತ್ತಾಗುತ್ತದೆ. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಎಲ್ಲರೂ ಬಂದು ನಿಂತದ್ದು ಒಂದೇ ಜಾಗಕ್ಕೆ. ಅಪಾಯದ ಕೋಡ್ ಇರಲಿ, ಆದರೆ ಅದಕ್ಕೆ ಬೇಲಿ ಇರಲಿ, ಬೇಲಿ ಹೊರಗಿನಿಂದಲೇ ಕಾಣಲಿ. ಸಿಯಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಇಡೀ ಹೊಲವೇ ಬೇಲಿಯ ಹೊರಗಿದೆ.

ಒಬೆರಾನ್‌ನಲ್ಲಿ ಗಾರ್ಬೇಜ್ ಕಲೆಕ್ಟರ್ ಕೂಡ ಇತ್ತು. ಅದು ಓಡುತ್ತಿದ್ದದ್ದು ಒಂದು ಕಮಾಂಡ್ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಬಿಡುವಿನಲ್ಲಿ. ಆಗ ಸ್ಟ್ಯಾಕ್ ಮೇಲೆ ಯಾರ ಪಾಯಿಂಟರೂ ಬಾಕಿ ಇರುವುದಿಲ್ಲ, ಸ್ಟ್ಯಾಕ್ ಹುಡುಕುವ ಗೋಜೇ ಇಲ್ಲ. ಊಟ ಮುಗಿದು ಎಲ್ಲರೂ ಎದ್ದ ಮೇಲೆ ಎಲೆ ತೆಗೆಯುವ ಹಾಗೆ. ಇಷ್ಟು ಸರಳವಾಗಿ ಯೋಚಿಸಬಹುದು ಅನ್ನುವುದೇ ನನಗೆ ಈಗಲೂ ಖುಷಿ ಕೊಡುತ್ತದೆ. ಮೈಕ್ರೋಸಾಫ್ಟ್‌ನ ಸಂಶೋಧಕರು 2003ರಲ್ಲಿ ಶುರು ಮಾಡಿದ ಸಿಂಗ್ಯುಲಾರಿಟಿ, ಸಿ ಶಾರ್ಪ್‌ನಿಂದ ಬಂದ ಭಾಷೆಯಲ್ಲಿ ಬರೆದದ್ದು, ಇನ್ನೂ ಮುಂದೆ ಹೋಗಿತ್ತು. ಕಂಪೈಲರ್ ಇಷ್ಟು ಖಾತ್ರಿ ಕೊಡುವಾಗ ಪ್ರೋಸೆಸ್‌ಗಳ ನಡುವೆ ಹಾರ್ಡ್‌ವೇರ್ ಗೋಡೆ ಯಾಕೆ ಬೇಕು ಅಂತ ಕೇಳಿತ್ತು. ಅದರ ಬಗ್ಗೆ ಬರೆಯಲು ಹೊರಟರೆ ಈ ಉತ್ತರ ಮುಗಿಯುವುದಿಲ್ಲ.

ಈಗ ನಿಮ್ಮ ನಾಲ್ಕು ತಿಂಗಳಿಗೆ ಬರೋಣ.

ಗೋದಲ್ಲೇ ಪೂರ್ತಿ ಕರ್ನಲ್ ಅಂತ ಹಟ ಹಿಡಿದರೆ, ನಿಮ್ಮ ಸಮಯದ ಬಹುಪಾಲು ಗೋ ರನ್‌ಟೈಮನ್ನು ಬರಿ ಯಂತ್ರದ ಮೇಲೆ ನಿಲ್ಲಿಸುವುದರಲ್ಲೇ ಹೋಗುತ್ತದೆ. ಅದು ಒಳ್ಳೆಯ ಕೆಲಸವೇ, ಆದರೆ ಶೆಡ್ಯೂಲರ್, ಪೇಜ್ ಟೇಬಲ್ (ಯಾವ ಪ್ರೋಗ್ರಾಂಗೆ ಯಾವ ಮೆಮೊರಿ ಅನ್ನುವ ಪಟ್ಟಿ), ಫೈಲ್ ಸಿಸ್ಟಂ ಇವಕ್ಕೆ ಕೈ ಹಾಕುವ ಹೊತ್ತಿಗೆ ವೈವಾ ಬಂದಿರುತ್ತದೆ. ಬಿಸ್ಕಿಟ್ ಬರೆದವರು ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ಪಳಗಿದವರು ಅನ್ನುವುದು ನೆನಪಿರಲಿ. ಗೋ ಬಿಡಲು ಮನಸ್ಸಿಲ್ಲದಿದ್ದರೆ ಟೈನಿಗೋ ಅಂತ ಒಂದು ಕಂಪೈಲರ್ ಇದೆ, ಸಣ್ಣ ಮೈಕ್ರೋಕಂಟ್ರೋಲರ್‌ಗಳ ಮೇಲೆ ಆಪರೇಟಿಂಗ್ ಸಿಸ್ಟಂ ಇಲ್ಲದೆಯೇ ಓಡುವ ಹಾಗೆ ಮಾಡಿದ್ದು. ಅದರ ಮೇಲೆ ಒಂದು ಪುಟ್ಟ ಶೆಡ್ಯೂಲರ್ ಬರೆದರೂ ಮರ್ಯಾದೆಯ ಪ್ರಾಜೆಕ್ಟ್ ಆಗುತ್ತದೆ.

ನನ್ನನ್ನು ಕೇಳಿದರೆ ರಸ್ಟ್ ಕಲಿಯಿರಿ. ಕಾರಣ, ಮೇಲೆ ಹೇಳಿದ ಆ ಕೆಳಗೆ ಯಾರಿದ್ದಾರೆ ಅನ್ನುವ ಪ್ರಶ್ನೆಗೆ ಅದು ಮೆಟ್ಟಿಲು ಕಟ್ಟಿಕೊಟ್ಟಿದೆ. 'ಕೋರ್' ಅನ್ನುವ ಲೈಬ್ರರಿಗೆ ಕೆಳಗೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ಬೇಡ. 'ಅಲ್ಲಾಕ್' ಅನ್ನುವುದಕ್ಕೆ ನೀವು ಒಂದು ಅಲೊಕೇಟರ್ ಬರೆದುಕೊಟ್ಟರೆ ಸಾಕು, ವೆಕ್ಟರ್, ಸ್ಟ್ರಿಂಗ್ ಎಲ್ಲ ಬರುತ್ತವೆ. 'ಎಸ್‌ಟಿಡಿ'ಗೆ ಮಾತ್ರ ಪೂರ್ತಿ ಸಿಸ್ಟಂ ಬೇಕು, ಅದನ್ನು ಬಿಟ್ಟುಬಿಡಿ. ಮೊದಲ ತಿಂಗಳು ರಸ್ಟ್ ಕಲಿಯುತ್ತಾ ಪಕ್ಕದಲ್ಲೇ ಎಕ್ಸ್‌ವಿ6 ಓದಿ. ಸಿ ಅಷ್ಟಕ್ಕಷ್ಟೆ ಅಂದಿರಿ, ಪರವಾಗಿಲ್ಲ, ಓದುವಷ್ಟು ಬಂದರೆ ಸಾಕು. ಆದರೆ ಓದದೆ ಬಿಡಬೇಡಿ. ಸರ್ ಹೇಳಿದ್ದರಲ್ಲಿ ನಾನು ಪೂರ್ತಿ ಒಪ್ಪುವುದು ಇದನ್ನೇ, ಸಿ ಓದಲು ಬಾರದೆ ಈ ಕ್ಷೇತ್ರದಲ್ಲಿ ನಡೆಯುವುದು ಕಷ್ಟ. ಇದುವರೆಗಿನ ಜ್ಞಾನದ ದೊಡ್ಡ ಪಾಲು ಇರುವುದೇ ಸಿಯಲ್ಲಿ.

ಮೊದಲ ದಿನದ ಕೆಲಸ ಮಾತ್ರ ನಾನೇ ಹೇಳುತ್ತೇನೆ. ಕ್ಯೂಎಮು ಎಮ್ಯುಲೇಟರ್‌ನಲ್ಲಿ (ಬೇರೆ ಯಂತ್ರವನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಪ್ರೋಗ್ರಾಂ) ರಿಸ್ಕ್-ಫೈವ್‌ನ 'ವರ್ಟ್' ಯಂತ್ರ ತೆಗೆದುಕೊಳ್ಳಿ. ಅದರ ಸೀರಿಯಲ್ ಪೋರ್ಟ್ ಒಂದು ಮೆಮೊರಿ ವಿಳಾಸದಲ್ಲಿದೆ, ಹೆಕ್ಸ್‌ನಲ್ಲಿ 1ರ ಮುಂದೆ 7 ಸೊನ್ನೆ. ಆ ವಿಳಾಸಕ್ಕೆ ಒಂದು ಬೈಟ್ ಬರೆದರೆ ಪರದೆಯ ಮೇಲೆ ಒಂದು ಅಕ್ಷರ ಮೂಡುತ್ತದೆ. ಎಲ್ಲರೂ ಇಂಗ್ಲಿಷ್ ಅಕ್ಷರದಿಂದ ಶುರು ಮಾಡುತ್ತಾರೆ, ನೀವು 'ಕ' ಬರೆಯಿರಿ. ಯುಟಿಎಫ್-8ರಲ್ಲಿ 'ಕ' ಅಂದರೆ 224, 178, 149, ಮೂರು ಬೈಟ್, ಒಂದೇ ವಿಳಾಸಕ್ಕೆ ಒಂದಾದ ಮೇಲೆ ಒಂದು. ಮೊದಲು ಅನ್‌ಸೇಫ್ ಬೇಲಿಯೊಳಗೆ ಸಾಮಾನ್ಯ ಪಾಯಿಂಟರ್ ಬಳಸಿ, ಆಪ್ಟಿಮೈಸೇಷನ್ ಹಾಕಿ ಕಂಪೈಲ್ ಮಾಡಿ ನೋಡಿ. ಒಂದೇ ಜಾಗಕ್ಕೆ ಮೂರು ಸಲ ಬರೆಯುತ್ತಿದ್ದಾನೆ, ಕೊನೆಯದೊಂದಿದ್ದರೆ ಸಾಕಲ್ಲ ಅಂತ ಕಂಪೈಲರ್ ಮೊದಲ ಎರಡನ್ನು ತೆಗೆದುಹಾಕುವ ಸಂಭವ ಇದೆ. ಆಗ ಪರದೆ ಮೇಲೆ ಅರ್ಥವಿಲ್ಲದ ಗುರುತೊಂದು ಬರುತ್ತದೆ. ಅಲ್ಲಿರುವುದು ಮೆಮೊರಿ ಅಲ್ಲ, ಡಿವೈಸ್ ಅಂತ ಅದಕ್ಕೆ ಗೊತ್ತಿಲ್ಲ. ಆಮೇಲೆ ಅದೇ ಬೇಲಿಯೊಳಗಿನ ಮೂರು ಸಾಲನ್ನು 'ವೊಲಟೈಲ್' ಬರಹವಾಗಿ, ಅಂದರೆ ಕಂಪೈಲರ್ ತೆಗೆದುಹಾಕಬಾರದ ಬರಹವಾಗಿ, ಬದಲಿಸಿ, ಮತ್ತೆ ಓಡಿಸಿ. ಪರದೆಯ ಮೇಲೆ 'ಕ' ಬಂದ ದಿನ ನನಗೆ ಬರೆಯಿರಿ. ಪೇಜ್ ಟೇಬಲ್ ಹೇಗೆ ಶುರು ಮಾಡಬೇಕು ಅಂತ ಆಗ ಹೇಳುತ್ತೇನೆ.